ರಾಜಾಜಿನಗರದ ಗೇಟುಗಳ ಮುಂದೆ

ಬೆಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ ನನ್ನ ಮಂಚ ನಡುಗಿತು. ಕಪಾಟಿನಲ್ಲಿದ್ದ ಸ್ಟೀಲಿನ ಲೋಟ ತಾನಾಗಿಯೇ ಅಂಚಿನವರೆಗೆ ಸರಿದು ಬಂದು ನೆಲಕ್ಕೆ ಬಿತ್ತು. ಭೂಕಂಪವೇ ಸರಿ ಎಂದುಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದು ಬೀದಿಗೆ ಓಡಿದೆ. ಅಲ್ಲಿ ಯಾರೂ ಓಡುತ್ತಿರಲಿಲ್ಲ. ಹೂ ಮಾರುವವರು ಹೂ ಮಾರುತ್ತಿದ್ದರು. ನಮ್ಮ ಪಿ.ಜಿ. ನಡೆಸುವ ಆಂಟಿ ಬಾಗಿಲಲ್ಲಿ ನಿಂತು ನಕ್ಕರು.

"ಪ್ರೆಸ್ಸು ಕಣಮ್ಮಾ! ಕೆಳಗಡೆ ತಗಡು ಒತ್ತೋ ಮಷೀನ್ ಇದೆ. ಎರಡು ದಿನ ಹೋದ್ರೆ ನಿಂಗೇ ಅಭ್ಯಾಸ ಆಗತ್ತೆ, ಬಾ ಮೇಲಕ್ಕೆ."

ಕಾಮಾಕ್ಷಿಪಾಳ್ಯ ಅಂದರೆ ಹೀಗೆ. ಕೆಳಗೆ ಕಾರ್ಖಾನೆ, ಮೇಲೆ ಮನೆ, ಅದರ ಮೇಲೆ ನಮ್ಮಂಥವರ ಪಿ.ಜಿ. ನಮ್ಮ ಜಮಖಂಡಿಯಲ್ಲಿ ಕಾರ್ಖಾನೆ ಎಂದರೆ ಊರಾಚೆ ಕಬ್ಬಿನ ಗದ್ದೆಗಳ ನಡುವೆ ಚಿಮಣಿ ಎತ್ತಿಕೊಂಡು ನಿಂತ ಸಕ್ಕರೆ ಕಾರ್ಖಾನೆ. ಅಪ್ಪ ಅಲ್ಲಿ ಫಿಟ್ಟರ್. ಚಿಕ್ಕವಳಿದ್ದಾಗ ಅವರ ಜೊತೆ ಹೋಗಿ ಆಳೆತ್ತರದ ಹಲ್ಲಿನ ಚಕ್ರಗಳು ತಿರುಗುವುದನ್ನು ನೋಡಿಯೇ ನಾನು ಮೆಕ್ಯಾನಿಕಲ್ ಓದುತ್ತೇನೆಂದು ಹಟ ಹಿಡಿದದ್ದು. ಊರಲ್ಲೇ ಡಿಪ್ಲೊಮಾ ಮುಗಿಸಿ, ಕೆಂಗೇರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ನೇರವಾಗಿ ಎರಡನೇ ವರ್ಷಕ್ಕೆ ಸೇರಿದೆ.

ಕನ್ನಡದ ಊರಿಗೇ ಬಂದಿದ್ದೇನೆ, ಭಾಷೆಯ ಚಿಂತೆ ಇಲ್ಲ ಎಂದುಕೊಂಡಿದ್ದೆ. ಆದರೆ ಇಲ್ಲಿ ನಾನು ಬಾಯಿ ತೆರೆದ ಕೂಡಲೇ ಎದುರಿನವರು ಒಂದು ಗಳಿಗೆ ತಡೆದು, ಆಮೇಲೆ ನಗುತ್ತಾರೆ. ಕೆಟ್ಟ ನಗುವಲ್ಲ, ಆದರೂ ನಗು. ಊರಲ್ಲಿ ನಾವು 'ಚಲೋ' ಎನ್ನುವುದೆಲ್ಲ ಇಲ್ಲಿ 'ಚೆನ್ನಾಗಿದೆ'. ಊಟದ ಮಾತು ಕೇಳಲೇಬೇಡಿ. ರಾತ್ರಿ ಅನ್ನ, ಬೆಳಿಗ್ಗೆ ಆ ಅನ್ನವೇ ಚಿತ್ರಾನ್ನ. ಅವ್ವ ಕಟ್ಟಿ ಕಳಿಸಿದ, ಒಣಗಿಸಿದ ಜೋಳದ ಕಟಿ ರೊಟ್ಟಿಯನ್ನು ಮುರಿದು ಚಟ್ನಿಪುಡಿ ಹಚ್ಚಿ ಕೊಟ್ಟಾಗ ನನ್ನ ರೂಮಿನ ದಿವ್ಯ, "ಇದೇನೇ ಇದು, ಹಪ್ಪಳಾನಾ?" ಎಂದು ಕೇಳಿದ್ದಳು. ಮಂಡ್ಯದ ಹುಡುಗಿ. ಈಗ ಅವಳೇ ನನಗಿಂತ ಮೊದಲು ಡಬ್ಬಿ ಖಾಲಿ ಮಾಡುತ್ತಾಳೆ.

ಇವೆಲ್ಲ ಸಹಿಸಿಕೊಳ್ಳಬಹುದಾದ ಕಷ್ಟಗಳು. ಮೂರನೇ ವರ್ಷ ಬಂದಾಗ ನಿಜವಾದದ್ದು ಶುರುವಾಯಿತು. ಆರನೇ ಸೆಮಿಸ್ಟರಿನಲ್ಲಿ ನಾವು ಪ್ರತಿ ಶುಕ್ರವಾರ, ಶನಿವಾರ ಯಾವುದಾದರೂ ಕಾರ್ಖಾನೆಯಲ್ಲಿ ತರಬೇತಿ ಪಡೆಯಬೇಕು. ಉಳಿದ ದಿನ ಎಂದಿನಂತೆ ತರಗತಿ, ಲ್ಯಾಬು, ಇಂಟರ್ನಲ್ಸ್ ಎಂಬ ಕಿರುಪರೀಕ್ಷೆಗಳು. ತರಬೇತಿ ಸಿಗದಿದ್ದರೆ ವರ್ಷವೇ ಹೋಯಿತು. ಜಾಗ ಹುಡುಕಿಕೊಡುವುದು ಕಾಲೇಜಿನ ಕೆಲಸವಲ್ಲವಂತೆ. "ನೀವೇ ಟ್ರೈ ಮಾಡ್ಕೋಬೇಕಮ್ಮ, ಇಂಡಸ್ಟ್ರಿ ಎಕ್ಸ್‌ಪೋಶರ್ ಅಂದ್ರೆ ಅದೇ ತಾನೆ?" ಎಂದರು ನಮ್ಮ ಮೇಷ್ಟ್ರು.

ದಿವ್ಯಳದು ಕಂಪ್ಯೂಟರ್ ಸೈನ್ಸ್. ಮಂಚದ ಮೇಲೆ ಕೂತೇ ಅವಳಿಗೆ ಒಂದು ಕಂಪನಿ ಸಿಕ್ಕಿತು. ನನ್ನ ತರಗತಿಯ ಹುಡುಗರು ಒಬ್ಬರನ್ನೊಬ್ಬರು ಕರೆದುಕೊಂಡು ಹೋಗಿ ಸೇರಿಕೊಂಡರು. ನಾನು ಮೊದಲು ಕೇಳಿದ್ದು ನಮ್ಮ ಕೆಳಗಿನ ಪ್ರೆಸ್ಸಿನವರನ್ನೇ. ಅವರು ಪಾಪ, "ನಾವು ಅಣ್ಣ ತಮ್ಮ ಇಬ್ರೇ ಇರೋದಮ್ಮ, ನಿಮ್ ಕಾಲೇಜು ಒಪ್ಪಲ್ಲ" ಎಂದರು. ಆಮೇಲೆ ತರಗತಿ ಮುಗಿದದ್ದೇ ತಡ, ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದು ಅಲ್ಲಿಂದ ರಾಜಾಜಿನಗರದ ಕೈಗಾರಿಕಾ ಬಡಾವಣೆ, ಮಾಗಡಿ ರಸ್ತೆ, ಬ್ಯಾಡರಹಳ್ಳಿಯವರೆಗೂ ಗೇಟಿನಿಂದ ಗೇಟಿಗೆ ಅಲೆದೆ. ಹೆಚ್ಚಿನ ಕಡೆ ವಾಚ್‌ಮನ್‌ನನ್ನು ದಾಟುವುದೇ ಆಗಲಿಲ್ಲ. ದಾಟಿದ ಕಡೆ ಒಂದೇ ಉತ್ತರ: "ಹುಡುಗೀರನ್ನ ಮಷೀನ್ ಹತ್ರ ಬಿಡಲ್ಲಮ್ಮ."

ಓದುವುದಕ್ಕೆ ಮೆಟ್ರೋದಲ್ಲಿ ನಿಂತ ಹೊತ್ತು ಮಾತ್ರ ಉಳಿಯಿತು. ಹೀಟ್ ಟ್ರಾನ್ಸ್‌ಫರ್ ವಿಷಯದ ಮೊದಲ ಇಂಟರ್ನಲ್ಸ್‌ನಲ್ಲಿ ಫೇಲಾದೆ. ಊರಲ್ಲಿ ಯಾವತ್ತೂ ಫೇಲಾದವಳಲ್ಲ. ಅವ್ವನಿಗೆ ಹೇಳಲಿಲ್ಲ. ಅವಳು ಫೋನಿನಲ್ಲಿ "ಊಟ ಆತೇನವ್ವ?" ಎಂದು ಕೇಳಿದಾಗಲೆಲ್ಲ ಹೂಂ ಎಂದು ಬೇಗ ಫೋನ್ ಇಡುತ್ತಿದ್ದೆ.

ಕೊನೆಗೆ ದಿವ್ಯ ಒಂದು ಉಪಾಯ ಹೇಳಿದಳು. "ಅರ್ಜೀನ ಮೇಲ್ ಮಾಡು, ಪೂರ್ತಿ ಹೆಸರು ಬರೀಬೇಡ ಕಣೇ. ಬರೀ ಎಸ್. ಬಿರಾದಾರ ಅಂತ ಕಳ್ಸು."

ಸುವರ್ಣಾ ಹೋಗಿ ಎಸ್. ಆದದ್ದೇ ತಡ, ರಾಜಾಜಿನಗರದ ಒಂದು ಪಂಪು ತಯಾರಿಸುವ ಕಾರ್ಖಾನೆಯಿಂದ ಉತ್ತರ ಬಂತು. ನಾಳೆ ಹನ್ನೊಂದಕ್ಕೆ ಬನ್ನಿ. ನಾಳೆ ಹತ್ತಕ್ಕೆ ಹೀಟ್ ಟ್ರಾನ್ಸ್‌ಫರ್‌ನ ಎರಡನೇ ಇಂಟರ್ನಲ್ಸ್ ಇತ್ತು.

ಆ ವಿಷಯ ಕಲಿಸುವ ಮೇಡಂ ಹತ್ತಿರ ಓಡಿದೆ. "ಆಮೇಲೆ ಬರೀತೀನಿ ಮೇಡಂ, ಒಂದ್ಸಲ ಅವಕಾಶ ಕೊಡ್ರಿ."

"ನಿಂಗೊಬ್ಳಿಗೆ ಕೊಟ್ರೆ ನಾಳೆ ಎಲ್ರೂ ಕೇಳ್ತಾರೆ. ಏನ್ ಮುಖ್ಯ ಅಂತ ನೀನೇ ಡಿಸೈಡ್ ಮಾಡು."

ನಿರ್ಧಾರ ಮಾಡಲು ನನ್ನಲ್ಲಿ ಧೈರ್ಯವಿರಲಿಲ್ಲ. ಎರಡನ್ನೂ ಮಾಡುತ್ತೇನೆ ಎಂದುಕೊಂಡೆ. ಪರೀಕ್ಷೆಗೆ ಕೂತು ಗೊತ್ತಿದ್ದ ಎರಡು ಲೆಕ್ಕ ಗೀಚಿ, ಎಲ್ಲರೂ ತಲೆಯೆತ್ತಿ ನೋಡುತ್ತಿರುವಾಗಲೇ ಉತ್ತರ ಪತ್ರಿಕೆ ಕೊಟ್ಟು ಹೊರಬಿದ್ದೆ. ಮೆಟ್ರೋ ಬೇಗ ತಂದಿಳಿಸಿತು. ಆಟೋ ಮಾತ್ರ ಟೋಲ್‌ಗೇಟಿನ ಬಳಿ ಸಿಕ್ಕಿಕೊಂಡಿತು. ಅರ್ಧದಲ್ಲೇ ಇಳಿದು, ಬ್ಯಾಗನ್ನು ಎದೆಗವುಚಿಕೊಂಡು ಓಡಿದೆ.

ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿ, "ಏನಮ್ಮ, ನಿಮ್ಮಣ್ಣ ಬರಲಿಲ್ವಾ?" ಎಂದರು.

"ಅಣ್ಣ ಇಲ್ಲ ಸಾರ್. ನಾನೇ ಎಸ್. ಬಿರಾದಾರ."

ಅವರ ಮುಖ ಇಳಿಯಿತು. "ಮೊದ್ಲೇ ಹೇಳ್ಬಾರ್ದಾ? ಹುಡುಗೀರಿಗೆ ಇಲ್ಲಿ ಒಂದು ಟಾಯ್ಲೆಟ್ಟೂ ಇಲ್ಲಮ್ಮ. ಹೆಚ್ಚು ಕಮ್ಮಿ ಆದ್ರೆ ನಾವು ಉತ್ತರ ಹೇಳ್ಬೇಕು. ಬೇಜಾರು ಮಾಡ್ಕೋಬೇಡ, ಹೋಗ್ಬಿಟ್ಟು ಬಾ."

ಗೇಟಿನಾಚೆ ಒಂದು ಹೊಂಗೆ ಮರವಿತ್ತು. ಅದರ ಕೆಳಗೆ ಕೂತು ಅತ್ತೆ. ಹಾದು ಹೋಗುವವರು ನೋಡುತ್ತಾರೆಂಬ ನಾಚಿಕೆಯೂ ಉಳಿದಿರಲಿಲ್ಲ. ಪರೀಕ್ಷೆ ಕೈಬಿಟ್ಟಿತ್ತು, ಇದೂ ಕೈಬಿಟ್ಟಿತ್ತು. ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ, ಫೇಲಾದದ್ದನ್ನೂ ಸೇರಿಸಿ.

"ಅಳಬ್ಯಾಡ," ಎಂದರು ಅಪ್ಪ. "ಇಲ್ಲೇ ಬಾ. ಕಬ್ಬಿನ ಸೀಜನ್ ಮುಗದೈತಿ, ಮಷೀನ್ ಎಲ್ಲಾ ಬಿಚ್ಚಿ ಹಾಕೀವಿ. ಕಲ್ಯಾಕ ಇದಕ್ಕಿಂತ ಚಲೋ ಹೊತ್ತು ಯಾವುದೈತಿ? ನಾನು ಸಾಹೇಬ್ರಿಗೆ ಹೇಳ್ತೀನಿ. ಒಂದ್ ವರ್ಷ ಹೋದ್ರ ಹೋಗ್ಲಿ, ಜೀವಕ್ಕಿಂತ ದೊಡ್ಡದೇನಲ್ಲ."

ಆ ಮಾತು ತಣ್ಣೀರಿನಂತೆ ಇಳಿಯಿತು. ಹೊರಟೇಬಿಡೋಣ ಅನಿಸಿತು. ಊರಲ್ಲಿ ಯಾವ ಗೇಟಿನಲ್ಲೂ ನಾನು ಯಾರೆಂದು ಹೇಳಬೇಕಾಗಿರಲಿಲ್ಲ, ಬಿರಾದಾರ ಫಿಟ್ಟರನ ಮಗಳು ಎಂದರೆ ಸಾಕು. ಇಲ್ಲಿ ಹೆಸರು ಮರೆಸಿಕೊಂಡರೂ ಒಳಗೆ ಬಿಡುವುದಿಲ್ಲ.

ಅಷ್ಟರಲ್ಲಿ ಊಟದ ಬೆಲ್ ಹೊಡೆಯಿತು. ಕಾರ್ಖಾನೆಯ ಹಿಂದಿನ ಶೆಡ್ಡಿನಿಂದ ನೀಲಿ ಕೋಟು ತೊಟ್ಟ ಹೆಂಗಸರು ಡಬ್ಬಿ ಹಿಡಿದು ನಗುತ್ತಾ ಹೊರಬಂದು ಅದೇ ಮರದ ನೆರಳಿಗೆ ಬಂದರು. ಅವರಲ್ಲೊಬ್ಬರು, "ಯಾಕಮ್ಮ ಅಳ್ತಾ ಇದೀಯ, ಯಾರಾದ್ರೂ ಏನಾದ್ರೂ ಅಂದ್ರಾ?" ಎಂದರು. ಅವರು ಪಂಪುಗಳನ್ನು ಪ್ಯಾಕ್ ಮಾಡುವವರಂತೆ.

ನಾನು ಕಣ್ಣೊರೆಸಿಕೊಂಡು ಎದ್ದೆ. ಯಾರನ್ನೂ ಕೇಳದೆ ಸೀದಾ ಮ್ಯಾನೇಜರ ಕೋಣೆಗೆ ಹೋದೆ. ಸಿಟ್ಟಿನಲ್ಲಿ ಬೆಂಗಳೂರಿನ ಮಾತೆಲ್ಲ ಮರೆತುಹೋಗಿತ್ತು.

"ಪ್ಯಾಕಿಂಗಿನ್ಯಾಗ ಅಷ್ಟು ಮಂದಿ ಹೆಣ್ಮಕ್ಕಳು ಅದಾರಲ್ರೀ ಸರ, ಅವರೆಲ್ಲಿ ಹೋಗ್ತಾರ್ರೀ?"

ಅವರು ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ಕೂತರು.

"ಅವರದ್ದು ಬೇರೆ ಕೆಲಸ..." ಎಂದು ಶುರು ಮಾಡಿ ನಿಲ್ಲಿಸಿದರು.

"ನಂಗೂ ಕೆಲಸಾನ ಬೇಕ್ರೀ. ಕಲಿಯೂದೈತಿ. ಇಲ್ಲಂದ್ರ ನನ್ನ ವರ್ಷ ಹೊಕ್ಕೈತ್ರೀ."

"ಯಾವೂರು ನಿಮ್ದು?"

"ಜಮಖಂಡಿ."

"ಮಷೀನ್ ಶಾಪ್ ಆಗಲ್ಲ," ಎಂದರು ಕೊನೆಗೆ, ನನ್ನತ್ತ ನೋಡದೆ. "ಇನ್ಸ್‌ಪೆಕ್ಷನ್‌ನಲ್ಲಿ ಕೂತ್ಕೋ. ಪಾರ್ಟ್ ಅಳತೆ ನೋಡೋದು. ಶುಕ್ರವಾರದಿಂದ ಬಾ."

ಗೆದ್ದೆ ಎನ್ನಲೇ? ಸೆಮಿಸ್ಟರಿನ ಉಳಿದ ಶುಕ್ರವಾರ, ಶನಿವಾರವೆಲ್ಲ ನಾನು ಒಂದು ಮೇಜಿನ ಮುಂದೆ ಕೂತು ಪಂಪಿನ ಬಿಡಿಭಾಗಗಳ ಅಳತೆ ತೆಗೆದೆ. ಗಾಜಿನ ಆಚೆ ಮಷೀನ್ ಶಾಪಿನ ಲೇತ್ ಯಂತ್ರ ತಿರುಗುತ್ತಿತ್ತು, ನನ್ನ ತರಗತಿಯ ಹುಡುಗನೊಬ್ಬ ಅದರ ಮುಂದೆ ನಿಂತಿದ್ದ. ಹೀಟ್ ಟ್ರಾನ್ಸ್‌ಫರ್ ಹೋಯಿತು. ಇಂಟರ್ನಲ್ಸ್ ಅಂಕ ಸಾಲದೆ ಪರೀಕ್ಷೆಗೆ ಕೂರಲು ಬಿಡಲಿಲ್ಲ. ಮುಂದಿನ ವರ್ಷ ಕಿರಿಯರ ಜೊತೆ ಮತ್ತೆ ಕೂರಬೇಕು. ಆದರೆ ವರ್ಷ ಉಳಿಯಿತು.

ಸೆಮಿಸ್ಟರ್ ಮುಗಿದ ಮೇಲೆ ಊರಿಗೆ ಹೋದೆ. ಅಪ್ಪ ನನ್ನನ್ನು ಕಾರ್ಖಾನೆಗೆ ಕರೆದೊಯ್ದು ಎಲ್ಲರಿಗೂ ತೋರಿಸಿದರು. ಅವರ ಜೊತೆಗಾರರು ಮಾತಾಡಿಸಿದಾಗ ನನ್ನ ಬಾಯಲ್ಲಿ "ಹೋಗ್ತಾ ಇದೀನಿ, ಮಾಡ್ತಾ ಇದೀನಿ" ಎಂದೇ ಬಂತು. ಅವರು ಒಂದು ಗಳಿಗೆ ತಡೆದು, ನಕ್ಕರು. ಬೆಂಗಳೂರಿನವರು ನಗುವ ಹಾಗೆಯೇ.

ಬೆಂಗಳೂರಿಗೆ ಹೊರಡುವ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಕಿಟಕಿಯಿಂದ ಬ್ಯಾಗು ಕೊಡುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತ ಅಜ್ಜಿ, "ರಜಾ ಮುಗೀತೇನವ್ವ, ಊರಿಗೆ ಹೊಂಟಿಯೇನು?" ಎಂದು ಕೇಳಿದರು.

"ಹೂಂನ್ರೀ, ಊರಿಗೆ," ಎಂದೆ.

ಊರು ಎಂದದ್ದೇ, ಕಿಟಕಿಯಾಚೆ ಅಪ್ಪನ ಕೈ ಅಲ್ಲೇ ನಿಂತಿತು. ಬಸ್ಸು ತಿರುಗುವವರೆಗೂ ನಾನು ಅವರನ್ನೇ ನೋಡುತ್ತಿದ್ದೆ, ಅವರು ನನ್ನನ್ನು.