ಸಾಹೇಬರ ಕಾರಿನ ಪುಸ್ತಕ

ಬೀರುವಿನ ಕೆಳಗಿನ ಖಾನೆಯಲ್ಲಿ, ಉಡದೆ ಇಟ್ಟ ಸೀರೆಗಳ ಅಡಿಗೆ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯನ್ನು ಮೊನ್ನೆ ಎತ್ತಿದೆ. ಅದರ ಕೆಳಗೆ ಕೈಯಗಲದ ಒಂದು ಪುಸ್ತಕ. ಬೂದು ರಟ್ಟು, ಮೂಲೆಗಳು ಸವೆದು ಬಟ್ಟೆಯ ಹಾಗೆ ಮೆತ್ತಗಾಗಿವೆ. ಮುಖದ ಹತ್ತಿರ ಹಿಡಿದೆ. ನುಸಿಗುಳಿಗೆಯ ವಾಸನೆಯ ಹಿಂದೆ, ಬಲು ಸಣ್ಣಗೆ, ಬೆಂದ ಗೂಡಿನ ವಾಸನೆ ಬಂತು. ರಾಮನಗರದವರಿಗೆ ಅದನ್ನು ವಿವರಿಸಬೇಕಿಲ್ಲ. ರೇಷ್ಮೆ ಗೂಡನ್ನು ಕುದಿನೀರಿಗೆ ಹಾಕಿ ನೂಲು ಬಿಚ್ಚುವಾಗ ಒಳಗಿನ ಹುಳು ಬೇಯುತ್ತದಲ್ಲ, ಆ ವಾಸನೆ. ಹೊಸದಾಗಿ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಅದಿಲ್ಲದ ದಿನ ಏನೋ ಕಡಿಮೆಯಾದಂತೆ ಅನಿಸುತ್ತದೆ. ಮೂವತ್ತು ವರ್ಷದ ಮೇಲೂ ಕಾಗದದಲ್ಲಿ ಅದು ಉಳಿದಿತ್ತೋ, ನನ್ನ ಮೂಗೇ ಹುಡುಕಿಕೊಂಡು ಹೋಯಿತೋ...

ಅದು ಪಕ್ಕದ ಮನೆಯ ಸಾಹೇಬರ ಕಾರಿನ ಆರ್‌ಸಿ ಬುಕ್ಕು. ನಮ್ಮ ಮನೆಯಲ್ಲಿ ಇರಬೇಕಾದದ್ದಲ್ಲ.

ನಾನು ಮದುವೆಯಾಗಿ ಈ ಬೀದಿಗೆ ಬಂದಾಗ ಸಾಹೇಬರಿಗೆ ಐವತ್ತರ ಹತ್ತಿರ. ಮನೆಯ ಹಿಂದೆಯೇ ಅವರ ನೂಲು ಬಿಚ್ಚುವ ಶೆಡ್ಡು. ಬಿಳಿ ಜುಬ್ಬ, ಮೇಲೊಂದು ಕಂದು ಸ್ವೆಟರು. ಸದಾ ಬಿಸಿನೀರಿನ ಆವಿಯಲ್ಲಿ ಇರುತ್ತಿದ್ದರಿಂದಲೋ ಏನೋ, ಹೊರಗೆ ಬಂದರೆ ಅವರಿಗೆ ಬೇಸಗೆಯಲ್ಲೂ ಚಳಿ. ನಮ್ಮವರಿಗೆ ಗುಡೇಮಾರನಹಳ್ಳಿಯ ಕಡೆ ಹಿಪ್ಪುನೇರಳೆ ತೋಟವಿತ್ತು. ನಾವು ಗೂಡು ಬೆಳೆಯುವವರು, ಅವರು ಗೂಡು ಕೊಳ್ಳುವವರು. ಹಾಗಾಗಿ ಇಬ್ಬರಿಗೂ ದಿನಕ್ಕೊಂದು ಜಗಳ, ದಿನಕ್ಕೊಂದು ಕಾಫಿ. ಒಳಗಿನ ಹುಳುವಿನ ಸದ್ದು ಬರುತ್ತದೆಯೇ ಎಂದು ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಸಾಹೇಬರು ಹೇಳುತ್ತಿದ್ದರು, "ಗೌಡ್ರೆ, ನಿಮ್ ಹುಳ ಒಳ್ಗೆ ಇನ್ನೂ ಹಾಸ್ಗೇಲೇ ಅದೆ. ಎಬ್ಬುಸ್ಕೊಂಡ್ ಬರಬಾರ್ದಾ?"

"ನಿಮ್ ಕಿವೀನೇ ನಿದ್ದೆ ಮಾಡ್ತಾ ಐತೆ ಸಾಹೇಬ್ರೆ," ಅನ್ನುತ್ತಿದ್ದರು ನಮ್ಮವರು.

ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಸಾಹೇಬರದು ಒಂದು ಪದ್ಧತಿ. ಒಂದು ರಾಶಿಗೆ ಒಂದೇ ಸಲ ಕೂಗುವುದು. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮುಂದಿನ ರಾಶಿಗೆ ನಡೆಯುವುದು. ಒಮ್ಮೆ ನಾನೇ ಯಾಕೆಂದು ಕೇಳಿದೆ. "ಒಂದ್ ಸಲ ಕೇಳೋದು ಕೇಳೋದು ತಾಯಿ. ಎರಡ್ನೇ ಸಲ ಕೇಳುದ್ರೆ ಅದು ಪೀಡ್ಸೋದು," ಅಂದರು. ಆ ಮಾತು ನನ್ನ ಮೇಲೆಯೇ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಅವರ ಕಾರು ಎಳೆ ಹಸಿರು ಬಣ್ಣದ, ಗುಂಡು ಮೂತಿಯ ಸಣ್ಣ ಗಾಡಿ. ಮೈಸೂರಿನ ಯಾರೋ ನಿವೃತ್ತ ಇಂಜಿನಿಯರರಿಂದ ಕೊಂಡದ್ದಂತೆ. ಗೇರಿನ ತುದಿಗೆ ಅವರ ಭಾವಮೈದ ಚನ್ನಪಟ್ಟಣದಲ್ಲಿ ಕಡೆದು ಕೊಟ್ಟ ಮರದ ಗುಂಡು, ಅರಗಿನ ಕೆಂಪು ಹಳದಿ ಪಟ್ಟೆ. ನಂಬರ್ ಪ್ಲೇಟಿನದು ಕಪ್ಪು ತಗಡು, ಬಿಳಿ ಅಕ್ಷರ, ಮೈಸೂರು ರಾಜ್ಯದ ಎಂ ವೈ ಎಂದು ಶುರು. ರಾಜ್ಯದ ಹೆಸರು ಬದಲಾಗಿ ಎಷ್ಟೋ ವರ್ಷಗಳಾಗಿದ್ದವು. ಸಾಹೇಬರು ಮಾತ್ರ ನೂಲು ಬಿಚ್ಚಿ ಉಳಿದ ಒರಟು ರೇಷ್ಮೆಯ ಉಂಡೆಯಿಂದ ಆ ತಗಡನ್ನು ಒರೆಸುತ್ತಾ, "ಕರ್ನಾಟ್ಕ ಆಗೋಕ್ ಮುಂಚೆ ಹುಟ್ಟಿದ್ ಗಾಡಿ ಇದು, ನನ್ನಂಗೆ," ಅನ್ನುತ್ತಿದ್ದರು.

ಕಾರು ಶೋಕಿಗಲ್ಲ. ಅವರ ಹೆಂಡತಿಗೆ ಎರಡೂ ಮಂಡಿ ಹೋಗಿದ್ದವು. ಬಸ್ಸಿನ ಮೆಟ್ಟಿಲು ಹತ್ತಲಾಗದು. ತಿಂಗಳ ಮೊದಲ ಭಾನುವಾರ ಕನಕಪುರದ ತೌರಿಗೆ, ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಲು, ಆಕೆ ಆ ಕಾರಿನಲ್ಲೇ ಹೋಗಬೇಕು. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹಿಂದಿನ ಸೀಟಿನಲ್ಲಿ ಆಕೆ ಕಾಲು ಚಾಚಿ, ತೊಡೆಯ ಮೇಲೆ ಟಿಫನ್ ಕ್ಯಾರಿಯರ್ ಹಿಡಿದು ಕೂತಿದ್ದರು. ಅದರ ಮುಚ್ಚಳಕ್ಕೆ ಕಟ್ಟಿದ್ದ ಕರವಸ್ತ್ರದ ಮೂಲೆಯಲ್ಲಿ ನೀಲಿ ದಾರದ ಒಂದು ಹೂ. ಹಳ್ಳ ಸಿಕ್ಕಿದಲ್ಲೆಲ್ಲ ಸಾಹೇಬರು ಗಾಡಿಯನ್ನು ನಡಿಗೆಗಿಂತ ನಿಧಾನಕ್ಕೆ ಇಳಿಸುತ್ತಿದ್ದರು.

"ರಸ್ತೆ ಮೇಲೆ ಅಲ್ಲ, ನನ್ ಮಂಡಿ ಮೇಲೆ ಓಡುಸ್ತಾವ್ರೆ ನೋಡಮ್ಮ," ಅಂದರು ಆಕೆ ನನಗೆ.

"ಮಂಡಿ ಮೇಲಾದ್ರೆ ಇಷ್ಟೊತ್ಗೆ ಮುಟ್ತಿದ್ದೆ," ಅಂದರು ಸಾಹೇಬರು, ತಿರುಗದೆ.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಬೆರಳಿಗೆ ಅಡಿಕೋಲಿನಿಂದ ತಟ್ಟಿ ತಿದ್ದಿಸಿದ ಅಕ್ಷರ. ಬೀದಿಯಲ್ಲಿ ಯಾರಿಗೆ ಇಂಗ್ಲಿಷಿನ ಕಾಗದ ಬಂದರೂ ನಮ್ಮ ಜಗಲಿಗೆ ಬರುತ್ತಿತ್ತು. ಬ್ಯಾಂಕಿನದು, ಶಾಲೆಯದು, ದುಬೈಗೆ ಹೋದವರದು. ಅತ್ತೆಗೆ ಒಳಗೊಳಗೆ ಹೆಮ್ಮೆ. ಬಾಯಲ್ಲಿ ಮಾತ್ರ, "ಈ ಸೊಸೆ ಬಂದ್ ಮ್ಯಾಕೆ ನಮ್ಮ ಜಗ್ಲಿ ತಾಲ್ಲೂಕ್ ಆಪೀಸ್ ಆಗ್ಬುಡ್ತು ಕಣಮ್ಮ. ನಾನೆಲ್ ಅವರೆಕಾಯಿ ಸುಲೀಲಿ?" ನಾನು ಯಾರ ಕಾಗದವನ್ನೂ ಮಾರನೆಯ ದಿನಕ್ಕೆ ಉಳಿಸಿದವಳಲ್ಲ. ಬೀದಿಯಲ್ಲಿ ನನಗಿದ್ದ ಹೆಸರೇ ಅದು.

ಆ ವರ್ಷಗಳಲ್ಲಿ ಮೋಟಾರು ಕಾನೂನು ಹೊಸದಾಯಿತು. ಹಳೆಯ ಗಾಡಿಗಳ ನೋಂದಣಿಯನ್ನು ಗಡುವಿನೊಳಗೆ ನವೀಕರಿಸಬೇಕು ಎಂದಾಯಿತು. ಸಾಹೇಬರು ಇಂಗ್ಲಿಷಿನ ಫಾರಂ ಒಂದನ್ನು ಆ ಬೂದು ಪುಸ್ತಕದೊಳಗೆ ಮಡಚಿಟ್ಟು ತಂದು ಕೊಟ್ಟರು. "ಒಸಿ ನೋಡಿ ತಾಯಿ, ಸರ್ಕಾರದವ್ರು ಏನೇನ್ ಕೇಳ್ತಾವ್ರೆ." ಅವರ ಮುಂದೆಯೇ ಹೆಸರು, ತಂದೆಯ ಹೆಸರು, ವಿಳಾಸ ತುಂಬಿದೆ. ಕೊನೆಯಲ್ಲಿ ಒಂದು ಖಾಲಿ ಚೌಕ. ಕಾರಿನ ಚಾಸಿಯ ಮೇಲೆ ಕೊರೆದ ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲಿನಿಂದ ಉಜ್ಜಿ, ಮೂಡಿದ ಅಚ್ಚನ್ನು ಅಲ್ಲಿ ಅಂಟಿಸಬೇಕು. ಶಾಲೆಯಲ್ಲಿ ನಾವು ನಾಣ್ಯದ ಮೇಲೆ ಕಾಗದವಿಟ್ಟು ಉಜ್ಜುತ್ತಿದ್ದೆವಲ್ಲ, ಹಾಗೆ. ನನಗೆ ಉತ್ಸಾಹ ಬಂತು. "ಅದನ್ನೂ ನಾನೇ ತೆಗೀತೀನಿ ಸಾಹೇಬ್ರೆ. ನಾಳೆ ಬರ್ತೀನಿ. ಪುಸ್ತಕ ಇಲ್ಲೇ ಇರಲಿ," ಅಂದೆ.

ಆ ನಾಳೆ ಬೆಳಿಗ್ಗೆ ಅತ್ತೆ ಬಚ್ಚಲಲ್ಲಿ ಬಿದ್ದರು. ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಅದರ ಮುಂದಿನ ಒಂದು ವರ್ಷ ನನಗೆ ತಿಂಗಳುಗಳಾಗಿ ನೆನಪಿಲ್ಲ. ಒಗೆದ ಬಟ್ಟೆಯಾಗಿ, ಸೋಸಿದ ಗಂಜಿಯಾಗಿ ನೆನಪಿದೆ. ಪುಸ್ತಕವನ್ನು ಮರೆತೆ ಎಂದು ಹೇಳಿಕೊಳ್ಳಬಹುದಿತ್ತು. ಮರೆಯಲಿಲ್ಲ. ಬೀರು ತೆಗೆದಾಗಲೆಲ್ಲ ಕಾಣುತ್ತಿತ್ತು. ಪಕ್ಕದ ಮನೆಗೆ ಹೋಗಿ ಕಾಗದ ಉಜ್ಜಿ ಬರಲು ಎಷ್ಟು ಹೊತ್ತು? ಆದರೆ ಮಧ್ಯಾಹ್ನ ಅತ್ತೆ ಕಣ್ಣು ಮುಚ್ಚಿದರೆ ನಾನೂ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದೆ. ನಾಳೆ, ನಾಳೆ ಅನ್ನುತ್ತಲೇ ಗಡುವು ಕಳೆಯಿತು. ಕಳೆದ ಮೇಲೆ ಹೋಗಿ ಹೇಳಲು ನಾಚಿಕೆ. ದಿನ ಹೋದಷ್ಟೂ ನಾಚಿಕೆ ಬೆಳೆಯಿತು. ಒಂದು ದಿನ ಪುಸ್ತಕವನ್ನು ಕಣ್ಣಿಗೆ ಬೀಳದ ಹಾಗೆ ಹಾಳೆಯ ಕೆಳಕ್ಕೆ ಸರಿಸಿದೆ.

ಆ ನಡುವೆ ಕನಕಪುರದ ರಸ್ತೆಯಲ್ಲಿ ಪೊಲೀಸರು ಅವರ ಗಾಡಿ ನಿಲ್ಲಿಸಿದರಂತೆ. ಪುಸ್ತಕ ಕೇಳಿದರಂತೆ. ಮುಂದಿನ ಸಲ ಇಲ್ಲದಿದ್ದರೆ ಗಾಡಿ ಠಾಣೆಯಲ್ಲೇ ಉಳಿಯುತ್ತದೆ ಎಂದರಂತೆ. ಅದು ನನಗೆ ಕೆಲಸದವಳ ಬಾಯಿಂದ ತಿಳಿದದ್ದು. ಆ ಸಂಜೆ ಸಾಹೇಬರು ನಮ್ಮ ಗೇಟಿನ ಹತ್ತಿರ ಬಂದು ನಿಂತರು. ನಾನು ಒದ್ದೆ ಕೈಯಲ್ಲೇ ಹೊರಗೆ ಬಂದೆ. ಅವರು ನನ್ನ ಕೈ ನೋಡಿದರು. ಹೆಗಲ ಮೇಲಿದ್ದ ಅತ್ತೆಯ ಬಟ್ಟೆ ನೋಡಿದರು. ಕೇಳಲಿ, ಕೇಳಿಬಿಡಲಿ ಅಂದುಕೊಂಡೆ.

"ಅತ್ತೆಮ್ಮ ಹೆಂಗವ್ರೆ ತಾಯಿ?"

"ಹಾಗೇ ಇದಾರೆ ಸಾಹೇಬ್ರೆ."

"ಊಟ ಮಾಡ್ತೀರಾ ನೀವು ಹೊತ್ತೊತ್ಗೆ? ಸೊರಗ್ಬುಟ್ಟಿದ್ದೀರಿ." ಅಷ್ಟೇ. ಗೇಟಿನ ಚಿಲಕವನ್ನು ಸದ್ದಾಗದಂತೆ ಹಾಕಿ ಹೋದರು.

ಅವತ್ತಿನಿಂದ ಕಾರು ಶೆಡ್ಡಿನ ಮೂಲೆ ಸೇರಿತು. ಮೇಲೊಂದು ತಾಡಪಾಲು. ಕಣ್ಣು ಮಂಜಾಗಿದೆ, ಓಡಿಸಲಾಗದು ಎಂದು ಸಾಹೇಬರು ಬೀದಿಗೆ ಹೇಳಿದರು. ನಾನು ನಂಬಿದೆ. ನಂಬಲು ಅನುಕೂಲವಾಗಿತ್ತು. ಅವರ ಹೆಂಡತಿ ತೌರಿಗೆ ಹೋಗುವುದು ನಿಂತಿತು. ತಾಯಿ ತೀರಿಕೊಂಡಾಗ ಯಾರದೋ ವ್ಯಾನಿನಲ್ಲಿ ಎತ್ತಿ ಕೂರಿಸಿಕೊಂಡು ಹೋದರು. ಆಕೆ ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು...

ಅತ್ತೆ ಹೋದರು. ಆಮೇಲೆ ಸಾಹೇಬರ ಹೆಂಡತಿ, ಅವರ ಹಿಂದೆ ಎರಡು ವರ್ಷಕ್ಕೆ ಸಾಹೇಬರು. ಕೊನೆಯವರೆಗೂ ಕಂಡಾಗಲೆಲ್ಲ "ಆರಾಮಾ ತಾಯಿ?" ಎನ್ನುತ್ತಿದ್ದರೇ ಹೊರತು ಬೇರೆ ಮಾತಿಲ್ಲ. ಶೆಡ್ಡಿನಲ್ಲಿ ಒಲೆ ಆರಿ ಈಗ ಎಷ್ಟೋ ಕಾಲವಾಗಿದೆ.

ಮೊನ್ನೆ ಸಂಜೆ ಬಂದವಳು ಸಾಹೇಬರ ಒಬ್ಬಳೇ ಮಗಳು. ಐದನೇ ಕ್ಲಾಸಿನಲ್ಲಿ ನನ್ನ ಹತ್ತಿರ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿದವಳು, ಈಗ ಹಾರೋಹಳ್ಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಇದ್ದಾಳೆ. ಅವಳ ತಲೆಯೂ ಬೆಳ್ಳಗಾಗಿದೆ. ಕಾಫಿ ಕುಡಿಯುತ್ತಾ ಹೇಳಿದಳು, "ಶೆಡ್ಡು ಕೊಟ್ಬಿಡ್ತಿದ್ದೀವಿ ಆಂಟಿ. ನಮ್ಮ ಅಬ್ಬಾರ ಗಾಡಿ ಏನ್ ಮಾಡೋದು ಅಂತ ತಿಳೀತಿಲ್ಲ. ಹಳೇ ಕಾರ್ ಇಟ್ಕೊಳ್ಳೋರೊಬ್ರು ಬಂದು ನೋಡಿದ್ರು. 'ವಿಂಟೇಜ್ ಅಂತ ರಿಜಿಸ್ಟರ್ ಮಾಡ್ಸಿ ಕೊಡಿ, ನಾನು ತಗೊಂಡು ನೋಡ್ಕೋತೀನಿ' ಅಂತಾರೆ. ಆದ್ರೆ ಆಮೇಲೆ ಅದು ಬರೀ ಪ್ರದರ್ಶನದ ಗಾಡಿ. ದಿನದ ಓಡಾಟಕ್ಕೆ ತಗೋಳಂಗಿಲ್ಲ. ಮಾಡಿಸ್ದೇ ಇದ್ರೆ ಗುಜರಿ."

"ಹಳೆಯ ನಂಬರು?"

"ಆರ್‌ಸಿ ಬುಕ್ ಇದ್ರೆ ಉಳಿಯುತ್ತಂತೆ. ಇಲ್ದಿದ್ರೆ ಹೊಸದಾಗಿ ವಿಎ ಅಂತ ಬರೋ ನಂಬರ್ ಕೊಡ್ತಾರಂತೆ. ಬುಕ್ ಎಲ್ಲಿದೆ ಆಂಟಿ, ಅಬ್ಬಾ ಅದನ್ನ ಗೂಡಿನ ಮಾರ್ಕೆಟ್ಟಲ್ಲಿ ಕಳ್ಕೊಂಡಿದ್ರಲ್ಲ. 'ಒಂದು ಬುಕ್ ಇಟ್ಕೊಳ್ಳೋಕೆ ಬರಲ್ವಾ ನಿಮಗೆ, ನನ್ ತಾಯಿ ಮುಖ ನೋಡ್ದೇ ಇರೋ ಹಂಗೆ ಮಾಡಿದ್ರಿ' ಅಂತ ಅಮ್ಮಿ ಸಾಯೋವರೆಗೂ ಅವರನ್ನ ಬೈದ್ರು. ಅಬ್ಬಾ ತಲೆ ತಗ್ಗಿಸ್ಕೊಂಡು ಕೇಳೋರು."

ನನ್ನ ಕೈಯಲ್ಲಿದ್ದ ಲೋಟವನ್ನು ಕೆಳಗಿಡಲು ಜಾಗ ಹುಡುಕಿದೆ. ಅವರು ಒಮ್ಮೆಯೂ ನನ್ನ ಹೆಸರು ಹೇಳಿರಲಿಲ್ಲ. ಹೆಂಡತಿಗೂ. ನಾನು ಸುಮ್ಮನಿದ್ದರೆ ಈಗಲೂ ಯಾರಿಗೂ ತಿಳಿಯುವುದಿಲ್ಲ. ಕಾರಿಗೆ ಹೊಸ ನಂಬರು ಬರುತ್ತದೆ, ಮಾರುಕಟ್ಟೆಯಲ್ಲಿ ಪುಸ್ತಕ ಕಳೆದ ಸಾಹೇಬರು ಹಾಗೆಯೇ ಉಳಿಯುತ್ತಾರೆ. ಸುಮ್ಮನೆಯೇ ಇದ್ದೆ. ಅವಳು ಹೋದ ಮೇಲೆ ಬೀರು ತೆಗೆದೆ.

ಮಾರನೆಯ ದಿನ ಬೆಳಿಗ್ಗೆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರ ಮನೆಗೆ ಹೋದೆ. ಇಪ್ಪತ್ತು ಹೆಜ್ಜೆ. ಮೇಜಿನ ಮೇಲಿಟ್ಟು, ಇದು ನನ್ನ ಹತ್ತಿರವೇ ಇತ್ತು ಅಂದೆ. ಅವಳು ತೆರೆದಳು. ಒಳಗೆ ಮಡಚಿದ ಫಾರಂ, ನನ್ನ ಕಾನ್ವೆಂಟಿನ ಅಕ್ಷರ, ಕೊನೆಯಲ್ಲಿ ಖಾಲಿ ಚೌಕ. ಆ ಚೌಕದ ಮೇಲೆ ಬೆರಳಾಡಿಸಿದಳು.

"ಅಬ್ಬಾಗೆ ಗೊತ್ತಿತ್ತಾ?"

"ಅವರೇ ತಂದುಕೊಟ್ಟದ್ದು. ಒಂದೇ ಸಲ ಹೇಳಿದರು."

"ಹೂಂ. ಎರಡನೇ ಸಲ ಹೇಳೋರಲ್ಲ." ಫಾರಮ್ಮಿನ ಮಡಿಕೆಯನ್ನು ಉಗುರಿನಿಂದ ನೀವುತ್ತಾ ಕೂತಳು. "ಅಮ್ಮಿ ಇದ್ದಿದ್ರೆ ನಿಮ್ಮನ್ನ ಬಿಡ್ತಿರ್ಲಿಲ್ಲ ಆಂಟಿ. ನನಗೂ ಸಿಟ್ಟು ಬರ್ತಿದೆ. ಕೂಗಾಡೋಣ ಅಂದ್ರೆ ಸುಸ್ತು."

ನಾನು ತಲೆ ಎತ್ತದೆಯೇ, ಪುಸ್ತಕ ಇರುವುದರಿಂದ ಮಾಮೂಲಿ ನವೀಕರಣಕ್ಕೇ ಪ್ರಯತ್ನಿಸಬಹುದಲ್ಲ, ರಿಪೇರಿ ಮಾಡಿಸಿದರೆ ರಸ್ತೆಗೆ ಇಳಿಸಬಹುದಲ್ಲ ಅಂದೆ. ಏನಾದರೂ ತಿದ್ದಬಹುದೇ ಎಂದು ಹುಡುಕುತ್ತಿದ್ದೆನೋ ಏನೋ.

"ಇಳಿಸಿ? ಕನಕಪುರಕ್ಕೆ ಹೋಗೋರು ಯಾರಿದ್ದಾರೆ ಆಂಟಿ ಈಗ?"

ಅವಳು ಚೀಲದಿಂದ ಹೊಸ ಫಾರಂ ತೆಗೆದು, ಪೆನ್ನಿನ ಜೊತೆ ನನ್ನ ಕಡೆ ತಳ್ಳಿದಳು. "ವಿಂಟೇಜೇ ಆಗ್ಲಿ. ಹಳೇ ನಂಬರಲ್ಲಿ. ಕಂಪ್ಯೂಟರಿಗೆ ನಾನು ಹಾಕ್ತೀನಿ, ಆದ್ರೆ ಇದನ್ನ ನೀವೇ ತುಂಬಿ. ಅಬ್ಬಾ ನಿಮಗೆ ತಾನೇ ಕೊಟ್ಟಿದ್ದು."

ತುಂಬಿದೆ. ಮಾಲೀಕರ ಹೆಸರಿನ ಜಾಗದಲ್ಲಿ ಈ ಸಲ ಮಗಳ ಹೆಸರು, ತಂದೆಯ ಹೆಸರಿನ ಜಾಗದಲ್ಲಿ ಸಾಹೇಬರದು. ಆಮೇಲೆ ಇಬ್ಬರೂ ಶೆಡ್ಡಿಗೆ ಹೋದೆವು. ತಾಡಪಾಲು ಎತ್ತಿದಾಗ ಎದ್ದ ಧೂಳಿಗೆ ಅವಳು ಕೆಮ್ಮಿದಳು. ಟೈರುಗಳು ನೆಲಕ್ಕೆ ಕೂತಿದ್ದವು. ಗೇರಿನ ಗುಂಡಿನ ಕೆಂಪು ಹಳದಿ ಪಟ್ಟೆ ಮಾತ್ರ ಹಾಗೆಯೇ ಇತ್ತು. ಬಾನೆಟ್ಟು ಎತ್ತಿ, ಕೊರೆದ ನಂಬರನ್ನು ಹುಡುಕಿ, ಸೆರಗಿನಿಂದ ಒರೆಸಿ, ಮೇಲೆ ಕಾಗದ ಹಿಡಿದೆ. ಬಗ್ಗಿದರೆ ಈಗ ನನ್ನ ಮಂಡಿಯೂ ನೋಯುತ್ತದೆ. ಅವಳು ಕಾಗದದ ಇನ್ನೊಂದು ತುದಿ ಹಿಡಿದಳು. ಪೆನ್ಸಿಲನ್ನು ಮಲಗಿಸಿ ಉಜ್ಜಿದೆ. ಬೂದು ಬಣ್ಣದ ನಡುವಿನಿಂದ ಬಿಳಿಯ ಅಂಕಿಗಳು ಒಂದೊಂದಾಗಿ ಮೇಲೆ ಬಂದವು.

ಫಾರಂ, ಅಚ್ಚು, ಅಂಟು ಎಲ್ಲಾ ಸೇರಿ ಅರ್ಧ ಗಂಟೆ ಹಿಡಿಯಲಿಲ್ಲ.