ಬೀಗ ಒಡೆಯದೆ ಹೋದ ದುಡ್ಡು

"ಭಾವ, ಬೀರು ಬೀಗ ಆಕಿದ್ದಂಗೇ ಅದೆ. ಒಳಗಿರೋ ವ್ಯಾಲೆಟ್ಟೂ ಅಲ್ಲೇ ಅದೆ. ದುಡ್ಡು ಮಾತ್ರ ಇಲ್ಲ ಕಣ್ ಭಾವ!"

ಭಾನುವಾರ ಬೆಳಗ್ಗೆ ನಾದಿನಿ ಸುಮ ಫೋನಿನಲ್ಲಿ ಹೀಗಂದಾಗ ನನಗೆ ತಲೆಬುಡ ಗೊತ್ತಾಗಲಿಲ್ಲ. ಬೀಗ ಒಡೆದಿಲ್ಲ. ವಸ್ತು ಹೋಗಿಲ್ಲ. ಮತ್ತೆ ದುಡ್ಡು ಹೋಗುವುದು ಹೇಗೆ? ಮಂಡ್ಯದಿಂದ ಮದ್ದೂರಿಗೆ ಹೊರಟವನ ತಲೆಯಲ್ಲಿ ದಾರಿಯುದ್ದಕ್ಕೂ ಇದೇ ಪ್ರಶ್ನೆ.

ಸುಮಳ ಗಂಡ ನಂಜೇಶ, ನನ್ನ ಷಡ್ಡಕ. ಮದ್ದೂರಿನ ಒಂದು ಬೈಕ್ ಶೋರೂಮಿನಲ್ಲಿ ಮ್ಯಾನೇಜರ್. ಅವನಷ್ಟು ಹುಷಾರಿನ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಗ್ಯಾಸ್ ಆಫ್ ಮಾಡಿದ್ದೇವೋ ಇಲ್ಲವೋ ಎಂಬ ಅನುಮಾನಕ್ಕೆ ಮದುವೆಮನೆಯ ಊಟ ಬಿಟ್ಟು ಮನೆಗೆ ಓಡಿದವನು. (ಆಫ್ ಮಾಡಿಯೇ ಇತ್ತು.) ಓಟಿಪಿ ಕೇಳಿ ಫೋನ್ ಮಾಡಿದವನಿಗೆ, "ಮೊದ್ಲು ನಿಮ್ಮಪ್ಪನ್ ನಂಬರ್ ಕೊಡು ಕಣ್ಲಾ, ಅವ್ರತ್ರ ಮಾತಾಡ್ತೀನಿ" ಎಂದು ಬೆವರಿಳಿಸಿದವನು. ಇಂಥವನಿಗೆ ಯಾರು ಟೋಪಿ ಹಾಕಲು ಸಾಧ್ಯ?

ನಂಜೇಶ ಕೆಲವು ವರ್ಷಗಳಿಂದ ಸಂಬಳದಲ್ಲಿ ಉಳಿದದ್ದನ್ನು ಬಿಟ್‌ಕಾಯಿನ್‌ಗೆ ಹಾಕುತ್ತಿದ್ದ. ಅದು ಬೆಳೆಯಿತು. ಎಷ್ಟು ಎಂದು ನಾನು ಕೇಳಿಲ್ಲ, ಅವನು ಹೇಳಿಲ್ಲ. ಆದರೆ ಅದು ಯಾವುದಕ್ಕೆ ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸುಮಳ ಕ್ಲಿನಿಕ್ಕಿಗೆ.

ಸುಮ ಫಿಸಿಯೋಥೆರಪಿಸ್ಟ್. ದಿನಾ ಟ್ರೈನಿನಲ್ಲಿ ಮದ್ದೂರಿನಿಂದ ಮಂಡ್ಯಕ್ಕೆ ಬಂದು ಬೇರೆಯವರ ಕ್ಲಿನಿಕ್ಕಿನಲ್ಲಿ ದುಡಿಯುತ್ತಾಳೆ. ಅವಳ ತವರು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಆ ಕಡೆಯ ಹೆಂಗಸರು, ನಾಟಿ ಹಾಕಿ ಹಾಕಿ ಸೊಂಟ ಹಿಡಿದುಹೋದವರು, ಬಸ್ಸು ಬದಲಾಯಿಸಿಕೊಂಡು ಅವಳನ್ನು ಹುಡುಕಿ ಬರುತ್ತಾರೆ. "ಸೊಂಟ ನೋವಿರೋರು ಅಷ್ಟು ದೂರ ಬಸ್ಸಲ್ಲಿ ಕುಲುಕಿಸ್ಕಂಡು ಬಂದ್ರೆ ನಾನು ಏನ್ ವಾಸಿ ಮಾಡ್ಲಿ ಭಾವ?" ಎನ್ನುತ್ತಿದ್ದಳು. ಮಳವಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜಾಗ ನೋಡಿ, ಮಾಲೀಕರ ಹತ್ತಿರ ಮಾತೂ ಆಡಿದ್ದಳು. ಒಂದೂ ಮೆಟ್ಟಿಲಿಲ್ಲದ ಜಾಗ, ಅದೇ ಅವಳಿಗೆ ಖುಷಿ.

ಅಷ್ಟರಲ್ಲಿ ನಂಜೇಶ ಪೇಪರಿನಲ್ಲಿ ಒಂದು ಸುದ್ದಿ ಓದಿದ. ಎಲ್ಲೋ ಒಂದು ಕ್ರಿಪ್ಟೋ ಎಕ್ಸ್‌ಚೇಂಜ್ ಹ್ಯಾಕ್ ಆಗಿತ್ತು. ಇವನ ಕಾಯಿನ್ನೆಲ್ಲ ಇದ್ದದ್ದೂ ಅಂಥದೇ ಒಂದು ಎಕ್ಸ್‌ಚೇಂಜಿನ ಖಾತೆಯಲ್ಲಿ. ನಿದ್ದೆ ಹೋಯಿತು. "ನಮ್ ದುಡ್ಡು ನಮ್ ಮನೇಲೇ ಇರ್ಬೇಕು ಕಣಣ್ಣ" ಎಂದು ಹಾರ್ಡ್‌ವೇರ್ ವ್ಯಾಲೆಟ್ ತರಿಸಿದ. ಪೆನ್‌ಡ್ರೈವಿಗಿಂತ ಕೊಂಚ ದೊಡ್ಡದು, ಪುಟ್ಟ ಸ್ಕ್ರೀನ್. ಕಂಪನಿಯಿಂದ ನೇರವಾಗಿ ಅಲ್ಲ, ಆನ್‌ಲೈನಿನಲ್ಲಿ ಡಿಸ್ಕೌಂಟ್ ಕೊಟ್ಟ ಯಾರೋ ಸೆಲ್ಲರ್‌ನಿಂದ. "ಸೀಲ್ ಪ್ಯಾಕ್ ಅಣ್ಣ, ನೋಡಿಲ್ಲಿ" ಎಂದು ನನ್ನ ಎದುರಿಗೇ ಡಬ್ಬಿ ಬಿಚ್ಚಿದ.

ಗೊತ್ತಿಲ್ಲದವರಿಗೆ ಒಂದು ಮಾತು. ಈ ವ್ಯಾಲೆಟ್ಟಿನ ಒಳಗೆ ದುಡ್ಡು ಇರುವುದಿಲ್ಲ. ದುಡ್ಡಿನ ಕೀಲಿ ಇರುತ್ತದೆ. ಜೊತೆಗೆ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳು. ವ್ಯಾಲೆಟ್ ಕಳೆದುಹೋದರೂ ಆ ಪದಗಳಿದ್ದರೆ ದುಡ್ಡು ತೆಗೆಯಬಹುದು. ಯಾರು ಬೇಕಾದರೂ.

ಡಬ್ಬಿಯಲ್ಲಿ ಒಂದು ಕಾರ್ಡಿತ್ತು. ಹಳೆಯ ರೀಚಾರ್ಜ್ ಕಾರ್ಡಿನ ಹಾಗೆ ಬೆಳ್ಳಿ ಬಣ್ಣ ಬಳಿದದ್ದು. ಕೆರೆದರೆ ಕೆಳಗೆ ಆ ಪದಗಳು. ಅವನ್ನು ವ್ಯಾಲೆಟ್ಟಿಗೆ ಹಾಕಿ ಎಂದು ಚೀಟಿಯಲ್ಲಿ ಅಚ್ಚಾಗಿತ್ತು. ನಂಜೇಶ ಕಿಟಕಿ ಮುಚ್ಚಿದ. ನಮ್ಮೆಲ್ಲರ ಫೋನು ಅಡುಗೆಮನೆಯಲ್ಲಿಟ್ಟು ಬಂದ. ಆಮೇಲೆ ನನ್ನ ಮುಖ ನೋಡಿ, "ಅಣ್ಣ, ಬೇಜಾರ್ ಮಾಡ್ಕಬ್ಯಾಡ. ವಸಿ ಆ ಕಡೆ ತಿರುಕ್ಕೊ" ಎಂದ. ನಾನು ಗೋಡೆ ನೋಡುತ್ತ ಕುಳಿತೆ. (ಗೋಡೆಯ ಮೇಲೆ ನನ್ನದೇ ಮದುವೆಯ ಗ್ರೂಪ್ ಫೋಟೋ!)

ಮೊದಲು ಚೂರು ಕಾಯಿನ್ ಕಳಿಸಿ ನೋಡಿದ. ಬಂತು. ಕೆಲವು ದಿನ ಕಾದ. ಇತ್ತು. ಧೈರ್ಯ ಬಂದು ಶನಿವಾರ ಎಲ್ಲವನ್ನೂ ಕಳಿಸಿದ. ಭಾನುವಾರ ಕಾಫಿ ಕುಡಿಯುತ್ತ ಆ್ಯಪ್ ತೆರೆದರೆ, ಸೊನ್ನೆ.

ನಾನು ಹೋದಾಗ ನಂಜೇಶ ಬೀರುವಿನ ಮುಂದೆ ನೆಲದ ಮೇಲೆ ಕುಳಿತಿದ್ದ. ವ್ಯಾಲೆಟ್ ಕೈಯಲ್ಲೇ ಇತ್ತು. "ಅಣ್ಣ, ಇದುನ್ನ ಯಾರೂ ಮುಟ್ಟೇ ಇಲ್ಲ ಕಣಣ್ಣ. ಯಾರೂ ಮುಟ್ಟಿಲ್ಲ" ಎಂದು ಅದನ್ನೇ ಹೇಳುತ್ತಿದ್ದ.

ವ್ಯಾಲೆಟ್ ತಯಾರಿಸುವ ಕಂಪನಿಯ ವೆಬ್‌ಸೈಟ್ ತೆರೆದು ಸುಮಳೇ ಚಾಟ್‌ನಲ್ಲಿ ವಿಚಾರಿಸಿದಳು. ಉತ್ತರ ಬಂತು. ಓದುತ್ತ ಓದುತ್ತ ಅವಳ ದನಿ ಸಣ್ಣಗಾಯಿತು. ಪದಗಳನ್ನು ಕಂಪನಿ ಎಂದೂ ಅಚ್ಚು ಹಾಕಿ ಕೊಡುವುದಿಲ್ಲವಂತೆ. ಹೊಸ ವ್ಯಾಲೆಟ್ ಆನ್ ಮಾಡಿದಾಗ ಪದಗಳು ಅದರ ಸ್ಕ್ರೀನಿನ ಮೇಲೆಯೇ ಮೂಡಬೇಕು, ಕೊಂಡವರು ಖಾಲಿ ಕಾರ್ಡಿನ ಮೇಲೆ ಬರೆದುಕೊಳ್ಳಬೇಕು.

"ಅಂದ್ರೆ, ಆ ಕಾರ್ಡು ಮಾಡ್ದೋನ್ಗೆ ಆ ಪದಗೊಳು ಮೊದ್ಲಿಂದ್ಲೂ ಗೊತ್ತಿತ್ತು" ಎಂದಳು ಸುಮ. "ಮತ್ತೆ ಮೊದ್ಲು ಚೂರು ಆಕ್ದಾಗ ಯಾಕ್ ಮುಟ್ನಿಲ್ಲ?"

ಉತ್ತರ ಮೂವರಿಗೂ ಹೊಳೆದಿತ್ತು. ಅವನು ಕಾಯುತ್ತಿದ್ದ. ಮುಖವೇ ಗೊತ್ತಿಲ್ಲದ ಒಬ್ಬ, ಎಲ್ಲೋ ಕುಳಿತು, ಮದ್ದೂರಿನ ಈ ಮನೆಯ ದುಡ್ಡು ಬಂದು ಬೀಳುವುದನ್ನೇ ದಿನವೂ ನೋಡುತ್ತಿದ್ದ. ಇತ್ತ ನಾವು ಕಿಟಕಿ ಮುಚ್ಚಿ, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕುಳಿತಿದ್ದೆವು!

ಮಂಡ್ಯಕ್ಕೆ ಬಂದು ಸೈಬರ್ ಪೊಲೀಸರಿಗೆ ದೂರು ಕೊಟ್ಟೆವು. ಸಾಹೇಬರು ಒಳ್ಳೆಯವರು, ಕೂರಿಸಿ ಎಲ್ಲ ಕೇಳಿದರು. "ಪ್ರಯತ್ನ ಮಾಡ್ತೀವಿ. ಆದ್ರೆ ಇದ್ರಲ್ಲಿ ಅಕೌಂಟ್ ಫ್ರೀಜ್ ಮಾಡ್ಸೋಕೆ ಬ್ಯಾಂಕೇ ಇಲ್ವಲ್ಲ" ಎಂದರು. ಹೊರಗೆ ಬಂದು ಮರದ ಕೆಳಗೆ ನಿಂತು ಸುಮ ಮಳವಳ್ಳಿಯ ಮಾಲೀಕರಿಗೆ ಫೋನ್ ಮಾಡಿದಳು. "ಬೇರೆಯೋರ್ಗೆ ಕೊಟ್ಬುಡಿ ಅಣ್ಣ, ನಮ್ಗೆ ಈಗ ಆಗಾಕಿಲ್ಲ." ಅಷ್ಟೇ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ.

ನಿಜವಾದ ಶಾಕ್ ಇನ್ನೂ ಬಾಕಿಯಿತ್ತು.

ಪೊಲೀಸ್ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾಗ ನಂಜೇಶ ಕ್ರಿಪ್ಟೋದವರ ಆನ್‌ಲೈನ್ ಗ್ರೂಪೊಂದರಲ್ಲಿ ತನ್ನ ಕಥೆ ಬರೆದುಕೊಂಡಿದ್ದ. ಮದ್ದೂರಿಗೆ ವಾಪಸಾಗಿ ಕುಳಿತಿದ್ದೇವೆ, ಅವನ ಫೋನು ಒಂದೇ ಸಮನೆ ಟಿಣ್ ಟಿಣ್. ಎಲ್ಲ ಅಪರಿಚಿತರು. ಎಷ್ಟೊಂದು ಮರುಕ! "ಸರ್, ನನಗೂ ಹೀಗೇ ಆಗಿತ್ತು." "ಸರ್, ನಮ್ಮ ಹ್ಯಾಕರ್ ನಿಮ್ಮ ಹಣ ವಾಪಸ್ ತರುತ್ತಾನೆ. ಸಣ್ಣದೊಂದು ಫೀಸ್, ಅಷ್ಟೇ."

ನಂಜೇಶ ಓದಿದ. ಮತ್ತೆ ಓದಿದ. ಬೆಳಗ್ಗೆಯಿಂದ ಬಾಡಿದ್ದ ಮುಖದಲ್ಲಿ ಏನೋ ಮಿಂಚಿತು. "ಸುಮ, ಒಂದ್ಸಲ ನೋಡಾನಾ? ಪೀಸು ವಸಿ ತಾನೆ?"

ಇವರೂ ಕಳ್ಳರೇ, ಕಳೆದುಕೊಂಡವರನ್ನೇ ಹುಡುಕಿಕೊಂಡು ಬರುವವರು. ಬೆಳಗ್ಗೆ ಕಳೆದುಕೊಂಡವನು ಸಂಜೆಗೆ ಮತ್ತೆ ಜೇಬಿಗೆ ಕೈ ಹಾಕುತ್ತಿದ್ದ. ದಡ್ಡತನವಲ್ಲ. ಮುಳುಗುವವನು ಹುಲ್ಲುಕಡ್ಡಿ ಹಿಡಿಯುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಸುಮ ಫೋನು ಕಿತ್ತುಕೊಂಡಳು. ಒಬ್ಬೊಬ್ಬರನ್ನೇ ಬ್ಲಾಕ್ ಮಾಡಿದಳು. "ದುಡ್ಡು ಓಯ್ತು, ಓಗ್ಲಿ ಬುಡಿ. ನಾಳೆ ನಂಗೆ ಟ್ರೈನದೆ, ನಿಮ್ಗೆ ಶೋರೂಮದೆ. ಏಳಿ, ಊಟ ಮಾಡಿ" ಎಂದಳು. ಅವನು ಎದ್ದ.

ನಾನು ಮಂಡ್ಯದ ಬಸ್ಸು ಹತ್ತಿದೆ. ಕಳೆದುಕೊಂಡವನ ವಿಳಾಸ ಕಳ್ಳರಿಗೆ ಅದೇ ದಿನ ಸಿಕ್ಕಿಬಿಡುತ್ತದೆ, ಕಳ್ಳನ ವಿಳಾಸ ನಮಗೆ ಸಿಗುವುದು ಯಾವ ಕಾಲಕ್ಕೆ?