ಗಿರಿಜ ಬರುತ್ತಿದ್ದ ಮಧ್ಯಾಹ್ನಗಳು

ಮೊದಲು ನಡುಗಿದ್ದು ಬಲಗೈಯ ಹೆಬ್ಬೆರಳು. ತುಮಕೂರಿನ ಸದಾಶಿವನಗರದ ನಮ್ಮ ಮನೆಯಲ್ಲಿ ಸೀರೆಗೆ ಫಾಲ್ ಹೊಲಿಯುತ್ತಾ ಕೂತಿದ್ದೆ. ಸೂಜಿ ಕೆಳಗೆ ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು.

ಪಾರ್ಕಿನ್ಸನ್ಸ್, ಅಂದರು ನ್ಯೂರಾಲಜಿ ಡಾಕ್ಟರು. ನಡುಕಕ್ಕೆಂದು ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆ ಬರೆದುಕೊಟ್ಟರು. ಕೈ ಹತೋಟಿಗೆ ಬಂತು. ಬಾಯಿ ಮಾತ್ರ ಸದಾ ಒಣಗುತ್ತಿತ್ತು, ಅಕ್ಷರಗಳು ಮಂಜಾಗುತ್ತಿದ್ದವು. ನಡುಕ ನಿಂತಿತ್ತಲ್ಲ, ಸುಮ್ಮನಿದ್ದೆ. ಆಮೇಲೆ ನಡುಕ ಮತ್ತೆ ಕಾಣಿಸಿಕೊಂಡಾಗ ಡೋಸ್ ಏರಿಸಿದರು.

ಒಂದು ಮಧ್ಯಾಹ್ನ ಹಜಾರದಲ್ಲಿ ನನ್ನ ತಂಗಿ ಗಿರಿಜ ಕೂತಿದ್ದಳು.

ಗಿರಿಜ ಜ್ವರದಲ್ಲಿ ತೀರಿಕೊಂಡಾಗ ಅವಳಿಗಿನ್ನೂ ಎರಡನೇ ಕ್ಲಾಸು. ಅದೇ ಹಳದಿ ಲಂಗ, ಒದ್ದೆ ಜಡೆ. ನನಗೆ ಭಯವಾಗಲಿಲ್ಲ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸಿಪ್ಪೆ ನೆಲ ಮುಟ್ಟುವ ಮೊದಲೇ ಮಾಯವಾಗುತ್ತಿತ್ತು. ಆ ದಿನಗಳಲ್ಲಿ ಮನೆಯ ಬೆಳಕೇ ಬೇರೆಯಾಗಿತ್ತು, ಗೋಡೆಗಳು ಕೂಡ ಮೆಲ್ಲಗೆ ಉಸಿರಾಡುತ್ತಿವೆ ಅನ್ನಿಸುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅವಳು ಎದ್ದು ಹೋಗಿಬಿಟ್ಟಾಳು ಎಂಬ ಅಂಜಿಕೆ.

ಒಮ್ಮೆ ನನ್ನ ತವರು ಕಡಬಕ್ಕೆ, ತಮ್ಮನ ಮನೆಗೆ ಹೋಗಿದ್ದೆವು. ಊಟವಾದ ಮೇಲೆ ಗಿರಿಜ ತೆಂಗಿನ ತೋಟದ ಆಚೆಯಿಂದ ಕೈಬೀಸಿದಳು. ಅವಳ ಹಿಂದೆಯೇ ನಡೆದೆ.

"ಲೇ, ಎಲ್ಲಿಗೆ ಹೋಗ್ತಿದೀಯ? ನಿಂತ್ಕೋ!" ನನ್ನ ಗಂಡನ ದನಿ.

"ಗಿರಿಜ ಕರೀತಾವ್ಳೆ ಕಣ್ರೀ."

ಕೆರೆಯ ನೀರು ನನ್ನ ಸೊಂಟಕ್ಕೆ ಬಂದಿತ್ತು.

ಅವರು ಎಳೆದು ತಂದು ಏರಿಯ ಮೇಲೆ ಕೂರಿಸಿ, ಅಲ್ಲೇ ಅತ್ತುಬಿಟ್ಟರು. ಅವರು ಅತ್ತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಏನೋ ಗಾಳಿ ಮೆಟ್ಕಂಡೈತೆ ಭಾವ, ತಾಯತ ಕಟ್ಸಣ," ಅಂದ ತಮ್ಮ. ಅವರು ಕೇಳಲಿಲ್ಲ. ಮಾತ್ರೆಗಳ ಸಮೇತ ನನ್ನನ್ನು ಡಾಕ್ಟರ ಮುಂದೆ ಕೂರಿಸಿದರು.

"ಇದು ಗಾಳಿನೂ ಅಲ್ಲ, ಹುಚ್ಚೂ ಅಲ್ಲಮ್ಮ," ಅಂದರು ಡಾಕ್ಟರು. "ನರಗಳು ಮಾತಾಡ್ಕೊಳ್ಳೋಕೆ ಅಸಿಟೈಲ್‌ಕೋಲಿನ್ ಅಂತ ಒಂದು ಕೆಮಿಕಲ್ ಬೇಕು. ಈ ಮಾತ್ರೆ ಅದನ್ನ ತಡೆಯುತ್ತೆ. ನಡುಕ ಕಮ್ಮಿ ಆಗಿದ್ದು ಅದ್ರಿಂದ್ಲೇ. ಆದ್ರೆ ನೆನಪಿಗೂ, ಎಚ್ಚರಕ್ಕೂ ಅದೇ ಬೇಕಲ್ಲ. ವಯಸ್ಸಾದೋರಿಗೆ ಕೆಲವು ಸಲ ಇಲ್ಲದ್ದು ಕಾಣ್ಸುತ್ತೆ. ಒಂದೇ ಸಲ ಬೇಡ, ನಿಧಾನಕ್ಕೆ ನಿಲ್ಸೋಣ."

"ಹಂಗಾದ್ರೆ ಅವ್ಳು ಇನ್ನು ಬರಲ್ವಾ ಡಾಕ್ಟ್ರೇ?"

ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಬರಲ್ಲಮ್ಮ."

ಡೋಸ್ ಇಳಿಯುತ್ತಾ ಹೋದ ಹಾಗೆ ಗಿರಿಜಳೂ ತೆಳುವಾದಳು. ಮೊದಲು ಮುಖ ಮಸುಕಾಯಿತು. ಆಮೇಲೆ ಲಂಗದ ಹಳದಿ ಬಣ್ಣ ಮಾತ್ರ ಬಾಗಿಲ ಬಳಿ ನಿಂತಿರುತ್ತಿತ್ತು. ಒಂದು ದಿನ ಅಲ್ಲಿ ಬರೀ ಬಿಸಿಲಿತ್ತು.

ಈಗ ಬೇರೆ ಮಾತ್ರೆ. ಬಾಯಿ ಒಣಗುವುದಿಲ್ಲ. ಕೈ ಸ್ವಲ್ಪ ನಡುಗುತ್ತದೆ, ನಡುಗಲಿ. ಕಾಣುವುದೆಲ್ಲ ನಿಜವೇ ಎಂಬ ನೆಮ್ಮದಿ ಸಣ್ಣದಲ್ಲ. ಆದರೂ ಮಧ್ಯಾಹ್ನಗಳು ಉದ್ದ ಅನ್ನಿಸುತ್ತವೆ.

ಮೊನ್ನೆ ಸಂಜೆ ಇವರು ಇದ್ದಕ್ಕಿದ್ದಂತೆ ಕೇಳಿದರು, "ಹೆಂಗಿದ್ಲು ಅವ್ಳು?"

ಗಿರಿಜಳದ್ದು ಒಂದು ಫೋಟೋ ಕೂಡ ಇಲ್ಲ. ಇವರು ಅವಳನ್ನು ಕಂಡವರೇ ಅಲ್ಲ. ಬಿದ್ದುಹೋಗಿದ್ದ ಮುಂದಿನ ಹಲ್ಲು, ಸುಳ್ಳು ಹೇಳುವಾಗ ಮೂಗು ಉಜ್ಜಿಕೊಳ್ಳುತ್ತಿದ್ದುದು, ಕೆನ್ನೆಯ ಮಚ್ಚೆ, ಎಲ್ಲ ಹೇಳಿದೆ. ಇವರು ಟಿವಿ ಆಫ್ ಮಾಡಿ ಹತ್ತಿರ ಬಂದು ಕೂತರು.

"ಮಚ್ಚೆ ಯಾವ ಕೆನ್ನೇಲಿತ್ತು?"

ನನ್ನ ಎಡಗೆನ್ನೆ ಮುಟ್ಟಿ ತೋರಿಸಿದೆ.